ಹೊಳೆಯಾಚೆಯ ಅಜ್ಜನ ಮನೆ

ಪರಸ್ಥಳದಲ್ಲಿ ಇಬ್ಬರು ಕನ್ನಡಿಗರು ಎದುರುಬದುರಾದರೆ ಮೊದಲು ಹೊರಡುವ ಮಾತು "ತಮ್ಮ ಊರು ಯಾವುದು?" ಎಂಬುದು. ಧಾರವಾಡದವರಿಗೆ, ಉಡುಪಿಯವರಿಗೆ, ಮೈಸೂರಿನವರಿಗೆ ಇದಕ್ಕೆ ಉತ್ತರ ಕೊಡುವುದು ಕಷ್ಟವಲ್ಲ. ನಮಗೆ ಮಾತ್ರ ಸ್ವಲ್ಪ ತೊಡಕು. "ಸಾಗರದ ಕಡೆ, ಊರು ನೀರಿನೊಳಗಿದೆ" ಎಂದು ನಾವು ಹೇಳಿದರೆ, ಕೇಳಿದವರು ಅದನ್ನು ಶ್ಲೇಷೆಯೆಂದು ತಿಳಿದು ನಗುತ್ತಾರೆ. ಶ್ಲೇಷೆಯಲ್ಲ, ನಿಜ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ, ಶರಾವತಿಯ ದಂಡೆಯ ಮೇಲೆ ನಮ್ಮ ಅಜ್ಜನ ಮೊದಲ ಮನೆಯಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಆ ನೆಲ ಮುಳುಗಿತು. ಅದಕ್ಕೆ ಮೊದಲೇ ಅಜ್ಜ ಮನೆಯನ್ನು ಕಳಚಿ, ಅದೇ ಮಗ್ಗುಲಿನ ಗುಡ್ಡದ ಮೇಲೆ ಎರಡನೆಯ ಬಾರಿ ಕಟ್ಟಿದ್ದರು.

ಆ ಎರಡನೆಯ ಮನೆಗೂ ಸಾಗರ ಪೇಟೆಗೂ ನಡುವೆ ಅರುವತ್ತು ವರ್ಷ ನೀರು ಅಡ್ಡವಾಗಿತ್ತು. 2025ರ ಜುಲೈ 14ರಂದು ಆ ನೀರಿನ ಮೇಲೆ ಸೇತುವೆ ತೆರೆಯಿತು. ಅದಾದ ನಾಲ್ಕು ತಿಂಗಳಿಗೆ, ನವೆಂಬರಿನಲ್ಲಿ, ನಾವು ಒಡಹುಟ್ಟಿದವರು ಮೂವರೂ ಮುಂಬಯಿಯಿಂದ ಹೊರಟು ಅಲ್ಲಿಗೆ ಹೋಗಿಬಂದೆವು. ಮನೆಯ ವಿಷಯದಲ್ಲಿ ಒಂದು ತೀರ್ಮಾನವಾಗಬೇಕಾಗಿತ್ತು. ಆ ಪ್ರಯಾಣದ ಮತ್ತು ಆ ಮನೆಯ ಕಥೆಯನ್ನು ನಮ್ಮ ಸಂಘದ ಬಂಧುಗಳ ಮುಂದೆ ಇಡುತ್ತಿದ್ದೇವೆ.

ನಾವು ಹುಡುಗರಾಗಿದ್ದಾಗ ಈ ಪ್ರಯಾಣ ಒಂದು ದೊಡ್ಡ ಸಾಹಸವೇ ಆಗಿತ್ತು. ಪುಣೆಯಲ್ಲಿ ಇಳಿದು ಮೀಟರ್‌ಗೇಜಿನ ಬಂಡಿ ಹತ್ತಬೇಕು; ಮಿರಜ್, ಬೆಳಗಾವಿ ದಾಟಿ ಹುಬ್ಬಳ್ಳಿಯಲ್ಲಿ ಇಳಿಯಬೇಕು; ಅಲ್ಲಿಂದ ಮೋಟಾರಿನಲ್ಲಿ ಶಿರಸಿ, ಸಿದ್ದಾಪುರ, ತಾಳಗುಪ್ಪದ ದಾರಿಯಾಗಿ ಸಾಗರ ಸೇರಬೇಕು. ಟ್ರಂಕು, ಹಾಸಿಗೆಯ ಸುರುಳಿ, ನೀರಿನ ಕೂಜಾ ಎಲ್ಲವೂ ಜೊತೆಗೆ. ಶಿರಸಿಗೆ ಬರುವ ಹೊತ್ತಿಗೆ ನಮ್ಮ ಬಟ್ಟೆಯ ಬಣ್ಣವೆಲ್ಲ ಕೆಮ್ಮಣ್ಣಿನ ಬಣ್ಣವಾಗಿರುತ್ತಿತ್ತು. ಈಗ ಕೊಂಕಣ ರೈಲಿನಲ್ಲಿ ರಾತ್ರಿ ಮಲಗಿದರೆ ಮರುದಿನ ಹೊನ್ನಾವರದಲ್ಲಿ ಇಳಿಯಬಹುದು. ಶರಾವತಿ ಕಡಲು ಸೇರುವುದು ಅಲ್ಲಿಯೇ. ಅಲ್ಲಿಂದ ಘಟ್ಟದ ದಾರಿ ಹಿಡಿದರೆ ಹೊಳೆಯ ಎದುರುಮುಖವಾಗಿ ಪ್ರಯಾಣ. ಹೊಳೆ ಇಳಿದು ಬಂದ ದಾರಿಯನ್ನೇ ನಾವು ಹತ್ತಿ ಹೋಗುವುದು.

ಹೊನ್ನಾವರದ ಬಳಿ ಶರಾವತಿ ಅಗಲವಾಗಿ, ತೆಂಗಿನ ತೋಟಗಳ ನಡುವೆ ಅವಸರವಿಲ್ಲದೆ ಹರಿಯುತ್ತಾಳೆ. ಗೇರುಸೊಪ್ಪೆಗೆ ಬಂದರೆ ಗುಡ್ಡಗಳು ಹತ್ತಿರವಾಗುತ್ತವೆ. ಹದಿನಾರನೆಯ ಶತಮಾನದಲ್ಲಿ ಕರಿಮೆಣಸಿನ ವ್ಯಾಪಾರದಿಂದ ಹೆಸರಾದ ರಾಣಿ ಚೆನ್ನಭೈರಾದೇವಿಯ ಊರು ಇದು. ಕಾಡಿನ ನಡುವೆ ಚತುರ್ಮುಖ ಬಸದಿ ಇಂದಿಗೂ ನಿಂತಿದೆ. ಮುಂದೆ ಘಟ್ಟ. ಸಿಂಗಳೀಕಗಳು ವಾಸಿಸುವ ದಟ್ಟ ಕಾಡು ಇದು. ತಿರುವಿನ ಮೇಲೆ ತಿರುವು ಹತ್ತಿ ಮೇಲೆ ಬಂದರೆ ಜೋಗ. 830 ಅಡಿ ಕೆಳಕ್ಕೆ ಬೀಳುವ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳನ್ನು ವಾಚಕರಲ್ಲಿ ಅನೇಕರು ನೋಡಿಯೇ ಇರುತ್ತೀರಿ. ನವೆಂಬರಿನಲ್ಲಿ ಅವು ಬಡವಾಗಿದ್ದವು. "ನೀರೆಲ್ಲ ಮೇಲೆ ಕಟ್ಟಿಹಾಕಿದ್ದಾರೆ, ಕೆಳಗೆ ಬೀಳುವುದಕ್ಕೆ ಎಲ್ಲಿಂದ ಬರಬೇಕು?" ಎಂದು ಚಹದಂಗಡಿಯ ಮುದುಕರೊಬ್ಬರು ಹೇಳಿದರು. ಅವರ ಮಾತು ನಿಜ. ಜೋಗದಿಂದ ಸುಮಾರು 6 ಕಿಲೋಮೀಟರ್ ಮೇಲಕ್ಕೆ ಲಿಂಗನಮಕ್ಕಿಯಿದೆ.

ಆ ಅಣೆಕಟ್ಟಿನ ಹಿಂದೆ ಸಮುದ್ರ ಮಟ್ಟದಿಂದ 1819 ಅಡಿಯವರೆಗೆ ನೀರು ನಿಲ್ಲುತ್ತದೆ, 151 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಮುಳುಗಿದ ನೆಲ ಸುಮಾರು 300 ಚದರ ಕಿಲೋಮೀಟರು. 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಕೂಡ ಈ ನೀರಿನಲ್ಲಿಯೇ ಮುಳುಗಿತೆಂದರೆ ಅಳತೆ ಎಷ್ಟೆಂದು ತಿಳಿಯಬಹುದು. ಒಂದು ಅಣೆಕಟ್ಟನ್ನು ಮತ್ತೊಂದು ಅಣೆಕಟ್ಟು ಮುಳುಗಿಸಿತು! ಬೇಸಗೆಯಲ್ಲಿ ನೀರು ತೀರ ಇಳಿದಾಗ ಹಳೆಯದು ಹೊರಗೆ ಕಾಣಿಸಿಕೊಳ್ಳುತ್ತದೆ. ಜನ ಅದನ್ನು ನೋಡಲು ಹೋಗುತ್ತಾರೆ.

1819 ಎಂಬ ಈ ಅಂಕೆ ನಮ್ಮ ಅಜ್ಜನ ಬಾಯಲ್ಲಿ ಕೊನೆಯವರೆಗೂ ಇತ್ತು. ಅಳತೆಯವರು ಬಂದು ಗುಡ್ಡದ ಮೈಯಲ್ಲಿ ಗುರುತು ಹಾಕಿ, "ಇಲ್ಲಿಯವರೆಗೆ ನೀರು" ಎಂದು ತೋರಿಸಿ ಹೋದರಂತೆ. ಊರಿನಲ್ಲಿ ಅದನ್ನು ನಂಬಿದವರು ಕಡಮೆ. ಅಷ್ಟು ಎತ್ತರಕ್ಕೆ ಹೊಳೆ ಬರುವುದುಂಟೇ ಎಂದು ನಕ್ಕವರೇ ಹೆಚ್ಚು. ಅಜ್ಜ ನಗಲಿಲ್ಲ. ಗುರುತಿನ ಕಲ್ಲಿನ ಬಳಿ ನಿಂತು ಕೆಳಗಿನ ತಮ್ಮ ಮನೆಯ ಹೆಂಚನ್ನು ನೋಡಿದರಂತೆ. ಹೆಂಚು ಕಾಲಿನ ಕೆಳಗೆ ಕಾಣುತ್ತಿತ್ತು. ಅಂದೇ ಸಂಜೆ ಬಡಗಿಯನ್ನು ಕರೆಸಿದರು.

1962ರ ಬೇಸಗೆ ರಜೆಗೆ ನಾವು ಹೋದಾಗ ಮನೆ ಅರ್ಧ ಕಳಚಿತ್ತು. ನಮ್ಮಲ್ಲಿ ಹಿರಿಯಳಾದ ಅಕ್ಕನಿಗೆ ಆಗ ಹದಿಮೂರು ವರ್ಷ. ಅವಳಿಗೆ ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಜಗಲಿಯ ಮುಂಡಿಗೆಗಳಿಗೆ ಅಜ್ಜ ತಾವೇ ಸುಣ್ಣದಿಂದ 1, 2, 3 ಎಂದು ಅಂಕೆ ಬರೆದಿದ್ದರು, ಹೊಸ ಜಾಗದಲ್ಲಿ ಅದೇ ಸಾಲಿನಲ್ಲಿ ನಿಲ್ಲಿಸಬೇಕೆಂದು. ಪಕಾಸು, ರೀಪು, ಹೆಂಚು, ಹೆಬ್ಬಾಗಿಲು, ದೇವರ ಕೋಣೆಯ ಚೌಕಟ್ಟು ಎಲ್ಲವೂ ಎತ್ತಿನ ಗಾಡಿಯ ಮೇಲೆ ಗುಡ್ಡ ಹತ್ತಿದವು. ಗಾಡಿಯ ಹಿಂದೆ ನಾವು ಮಕ್ಕಳು ಒಂದೊಂದು ಹೆಂಚನ್ನು ತಲೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆವು. ಅದು ನಮಗೆ ಆಟ. ಅಜ್ಜಿ ಮಾತ್ರ ಬಾವಿಕಟ್ಟೆಯ ಮೇಲೆ ಕುಳಿತು, "ಬಾವಿಯನ್ನು ಹೇಗೆ ಹೊರುತ್ತೀರಿ?" ಎಂದು ಕೇಳಿದರು. ಅಜ್ಜ ಉತ್ತರ ಕೊಡಲಿಲ್ಲ.

ಬಾವಿಯ ಹಾಗೆಯೇ ಹೊರಲಾಗದ್ದು ಇನ್ನೂ ಇತ್ತು. ಅಡಿಕೆ ತೋಟವಿತ್ತು. ಹೊಳೆಯ ಅಂಚಿನಲ್ಲಿ ಅಪ್ಪೆಮಿಡಿಯ ಮಾವಿನ ಮರಗಳಿದ್ದವು. ಸೊನೆಗೆ ಜೀರಿಗೆಯ ವಾಸನೆ ಬರುವ ಮಿಡಿ. ಅಂಥ ಮರಗಳು ಹೊಳೆಯ ದಂಡೆಯಲ್ಲಿ ಚೆನ್ನಾಗಿ ಬರುತ್ತವೆ. ದಂಡೆಯೇ ಹೋದಾಗ ಎಷ್ಟೋ ಜಾತಿಗಳು ಅದರ ಜೊತೆಗೇ ಹೋದವು. ಅಜ್ಜ ಹತ್ತಾರು ಗೊರಟುಗಳನ್ನು ತಂದು ಹೊಸ ಮನೆಯ ಹಿತ್ತಿಲಲ್ಲಿ ಹಾಕಿದರು. ಗೊರಟಿನಿಂದ ಹುಟ್ಟಿದ ಮರ ತಾಯಿಮರದಂತೆಯೇ ಇರುತ್ತದೆಂಬ ಭರವಸೆಯಿಲ್ಲ. ಒಂದೇ ಒಂದು ಮರ ಉಳಿದು ಫಲಕ್ಕೆ ಬಂತು. ವಾಸನೆ ಹಳೆಯದಕ್ಕಿಂತ ಸ್ವಲ್ಪ ಮೆತ್ತಗೆ ಎಂದು ಅಜ್ಜಿಯ ತೀರ್ಪು. ಇಂದಿಗೂ ವರ್ಷಕ್ಕೊಂದು ಭರಣಿ ಮಿಡಿ ಉಪ್ಪಿನಕಾಯಿ ಮುಂಬಯಿಗೆ ಬರುವುದು ಆ ಮರದಿಂದಲೇ.

ಅಡಿಕೆಯ ಸಸಿ ನೆಟ್ಟರೆ ಕೊನೆ ಬಿಡಲು ಆರೇಳು ವರ್ಷ ಬೇಕು. ಹೊಸ ನೆಲದಲ್ಲಿ ಸಸಿ ನೆಡುವಾಗ ಅಜ್ಜನಿಗೆ ಅರುವತ್ತು ವಯಸ್ಸು. ಮುಳುಗಡೆಯ ಜನರ ಕಷ್ಟ ಒಬ್ಬರದಲ್ಲ. ಎಷ್ಟೋ ಕುಟುಂಬಗಳು ದಿಕ್ಕಿಗೊಂದರಂತೆ ಚದರಿಹೋದವು, ನೆಲದ ಹಕ್ಕಿಗಾಗಿ ಹಲವರು ತಲೆಮಾರುಗಳವರೆಗೆ ಅಲೆದರು. ಅವರ ಮುಂದೆ ನಮ್ಮ ಅಜ್ಜನ ಪಾಡು ವಾಸಿಯೆಂದೇ ಹೇಳಬೇಕು. ಆದರೂ ತೋಟ ಫಲಕ್ಕೆ ಬರುವವರೆಗಿನ ಆ ಆರೇಳು ವರ್ಷ ಮನೆಯಲ್ಲಿ ಬಿಗಿಯಿತ್ತು. ನಮ್ಮ ತಂದೆಯವರು ಮುಂಬಯಿಯಿಂದ ಪ್ರತಿ ತಿಂಗಳೂ ಮನಿಯಾರ್ಡರು ಕಳಿಸುತ್ತಿದ್ದರು. ವಿಶೇಷವೇನೆಂದರೆ, ಅಜ್ಜನ ಮನೆಯ ಜಗಲಿಗೆ ಹೆಸರು ಬಂದದ್ದು ಈ ಬಿಗಿಯ ವರ್ಷಗಳಲ್ಲಿಯೇ.

ಅದು ಹೀಗಾಯಿತು. ನೀರು ನಿಂತ ಮೇಲೆ ನಮ್ಮ ಕಡೆಯ ದಂಡೆಯ ಊರುಗಳು ಒಂದು ಬಗೆಯ ದ್ವೀಪವಾದವು. ಒಂದು ಕಡೆ ಕಾಡು, ಘಟ್ಟ. ಮತ್ತೊಂದು ಕಡೆ ಹಿನ್ನೀರು. ಸಾಗರದ ಸಂತೆ, ಆಸ್ಪತ್ರೆ, ಕಚೇರಿ ಎಲ್ಲವೂ ಆಚೆ. ಮೊದಮೊದಲು ದೋಣಿ, ಆಮೇಲೆ ಲಾಂಚು. ಸಾಗರದ ಕಡೆಯ ದಡ ಅಂಬಾರಗೋಡ್ಲು, ನಮ್ಮ ಕಡೆಯದು ಕಳಸವಳ್ಳಿ; ದಾಟುವ ಜಾಗಕ್ಕೆ ಜನರಿಟ್ಟ ಹೆಸರು ಹೊಳೆಬಾಗಿಲು. ಎಂಥ ಸೊಗಸಾದ ಹೆಸರು! ಆದರೆ ಈ ಬಾಗಿಲು ಸಂಜೆಗೆ ಮುಚ್ಚುತ್ತಿತ್ತು. ಕೊನೆಯ ಲಾಂಚು ಹೋಯಿತೆಂದರೆ ಮರುದಿನ ಬೆಳಗಿನವರೆಗೆ ದಾರಿಯಿಲ್ಲ. ಹಳ್ಳಿಹಳ್ಳಿಗಳಿಂದ ನಡೆದು ಬಂದು ಲಾಂಚು ತಪ್ಪಿಸಿಕೊಂಡವರು ದಡದಲ್ಲಿ ಮಳೆಯಲ್ಲಿ ನಿಲ್ಲುತ್ತಿದ್ದರು. ಅಲ್ಲಿಂದ ಕಾಲುಹಾದಿಯಲ್ಲಿ ಕಾಲು ಗಂಟೆ ನಡೆದರೆ ಅಜ್ಜನ ಮನೆ.

ಅಜ್ಜ ಸಂಜೆಯಾದೊಡನೆ ದಣಪೆಯ ಬಳಿ ಕಂಬಕ್ಕೆ ಒಂದು ಲಾಟೀನು ತೂಗುಹಾಕುತ್ತಿದ್ದರು. ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿದ್ದ ಕಾಲ. ಅಜ್ಜಿ ಒಮ್ಮೆ ಆಕ್ಷೇಪಿಸಿದಾಗ ಅವರು ಹೇಳಿದ್ದು ಇಷ್ಟೇ: "ಕತ್ತಲಲ್ಲಿ ನಿಂತವನು ಯಾರ ಮನೆಯ ಬಾಗಿಲು ತಟ್ಟಲಿ ಎಂದು ನಾಚುತ್ತಾನೆ. ದೀಪ ಕಂಡರೆ ಕೇಳುವ ಕೆಲಸವಿಲ್ಲ, ಬಂದುಬಿಡುತ್ತಾನೆ." ಬಂದವರಿಗೆ ಮೊದಲು ಕಾಲು ತೊಳೆಯಲು ಒಂದು ಚೊಂಬು ನೀರು, ಆಮೇಲೆ "ಆಸರಿಗೆ ಏನು?" ಎಂಬ ಪ್ರಶ್ನೆ. ಆಸರಿಗೆ ಎಂದರೆ ಬಾಯಾರಿಕೆಗೆ ಕೊಡುವುದು, ನೀರು ಬೆಲ್ಲವಾಗಲಿ, ಮಜ್ಜಿಗೆಯಾಗಲಿ. ಹೆಸರು, ಊರು, ಕುಲ ಕೇಳುವುದು ಅದಾದ ಮೇಲೆ. ಎಷ್ಟೋ ಸಲ ಕೇಳುವುದೇ ಇಲ್ಲ.

ಅಜ್ಜಿ ಪ್ರತಿ ಸಂಜೆ ಅಕ್ಕಿ ಅಳೆಯುವಾಗ ಮನೆಯವರ ಲೆಕ್ಕದ ಮೇಲೆ ಒಂದು ಸೇರು ಹೆಚ್ಚಿಗೆ ಹಾಕುತ್ತಿದ್ದರು. ಅದಕ್ಕೆ ಮನೆಯಲ್ಲಿ "ಲಾಂಚಿನ ಅಕ್ಕಿ" ಎಂದೇ ಹೆಸರು. ಯಾರೂ ಬಾರದಿದ್ದರೆ ಮರುದಿನ ಬೆಳಗ್ಗೆ ಅದೇ ಅನ್ನ ಒಗ್ಗರಣೆ ಹಾಕಿಸಿಕೊಂಡು ನಮ್ಮ ಬಾಳೆಯೆಲೆಗೆ ಬರುತ್ತಿತ್ತು. ದೋಸೆಯ ಆಸೆಯಿದ್ದ ನಾವು ಮಕ್ಕಳು, ರಾತ್ರಿ ಯಾರಾದರೂ ಲಾಂಚು ತಪ್ಪಿಸಿಕೊಳ್ಳಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದೆವು! ಅಜ್ಜಿಯ ಪಾಲಿಗೆ ಮಾತ್ರ ಇದು ಹಗುರವಾದ ಕೆಲಸವಾಗಿರಲಿಲ್ಲ. "ಪುಣ್ಯ ನಿಮಗೆ, ಪಾತ್ರೆ ನಮಗೆ" ಎಂದು ಅವರು ಅಜ್ಜನಿಗೆ ಹೇಳುತ್ತಿದ್ದ ಮಾತನ್ನು ಮನೆಯ ಸೊಸೆಯಂದಿರು ಇಂದಿಗೂ ಮರೆತಿಲ್ಲ. ಅಜ್ಜನ ಔದಾರ್ಯವನ್ನು ಹೊಗಳುವಾಗ ಈ ಮಾತನ್ನು ಬಿಟ್ಟರೆ ಲೆಕ್ಕ ಸರಿಯಾಗುವುದಿಲ್ಲ.

ಮನೆಯಲ್ಲಿ ಆಗ ಮಡಿಯ ಕಟ್ಟುಪಾಡು ಇತ್ತು. ಎಲ್ಲರಿಗೂ ಒಳಗೆ ಎಲೆ ಹಾಕುವಂತಿರಲಿಲ್ಲ. ಅಜ್ಜ ಅಡುಗೆಮನೆಯವರೊಡನೆ ವಾದಕ್ಕೆ ನಿಲ್ಲಲಿಲ್ಲ. ಒಂದು ರಾತ್ರಿ ತಮ್ಮ ಎಲೆಯನ್ನೇ ಎತ್ತಿಕೊಂಡು ಜಗಲಿಗೆ ಬಂದು, ಬಂದವರ ಸಾಲಿನಲ್ಲಿ ಕುಳಿತರು. ಮರುದಿನವೂ ಹಾಗೆಯೇ. ಯಜಮಾನರೇ ಹೊರಗೆ ಕುಳಿತ ಮೇಲೆ ಚಿಕ್ಕಪ್ಪಂದಿರು ಒಳಗೆ ಹೇಗೆ ಕುಳಿತಾರು? ವರ್ಷ ಕಳೆಯುವಷ್ಟರಲ್ಲಿ ಗಂಡಸರ ಊಟವೆಲ್ಲ ಜಗಲಿಗೆ ಬಂತು. ಇನ್ನಷ್ಟು ವರ್ಷಗಳಲ್ಲಿ ಒಳಗೆ, ಹೊರಗೆ ಎಂಬ ಮಾತೇ ಸವೆದುಹೋಯಿತು. ಅಡಿಕೆ ಸುಲಿಯುವ ಕಾಲದಲ್ಲಂತೂ ಜಗಲಿ ಒಂದು ಸಣ್ಣ ಜಾತ್ರೆ. ಸುತ್ತಲಿನವರು ಮೆಟ್ಟುಗತ್ತಿಯೊಡನೆ ಸಾಲಾಗಿ ಕುಳಿತು ನಡುರಾತ್ರಿಯವರೆಗೆ ಸುಲಿಯುತ್ತಿದ್ದರು; ಯಾರೋ ಒಬ್ಬರು ತಾಳಮದ್ದಲೆಯ ಪದ ಎತ್ತುತ್ತಿದ್ದರು; ಲಾಂಚು ತಪ್ಪಿದವನು ಅರ್ಥ ಹೇಳುತ್ತಿದ್ದ.

ಒಂದು ಆಷಾಢದ ರಾತ್ರಿಯ ಸಂಗತಿ ಹೇಳಬೇಕು. ತುಂಬು ಬಸುರಿಯೊಬ್ಬಳನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ನಾಲ್ವರು ದಡಕ್ಕೆ ಬಂದರು. ಗಾಳಿಮಳೆಗೆ ಅಂದು ಲಾಂಚು ಮಧ್ಯಾಹ್ನವೇ ನಿಂತಿತ್ತು. ದೀಪ ನೋಡಿ ಮೇಲೆ ಬಂದರು. ಅಜ್ಜಿ ಆ ರಾತ್ರಿ ಮಡಿಯನ್ನೂ ಮೈಲಿಗೆಯನ್ನೂ ಬದಿಗಿಟ್ಟು, ಹಂಡೆಗೆ ಬೆಂಕಿ ಹಾಕಿ, ನಡುಮನೆಯ ಬಾಗಿಲು ಮುಚ್ಚಿದರು. ಬೆಳಗಿನ ಜಾವಕ್ಕೆ ಗಂಡುಮಗು ಹುಟ್ಟಿತು. ಅಜ್ಜ ಜಗಲಿಯಲ್ಲಿ ಆ ಮಗುವಿನ ತಂದೆಯ ಪಕ್ಕದಲ್ಲಿ ಕವಳದ ತಟ್ಟೆ ಇಟ್ಟುಕೊಂಡು ರಾತ್ರಿಯಿಡೀ ಕುಳಿತಿದ್ದರಂತೆ. ಇಬ್ಬರೂ ಒಂದು ಮಾತೂ ಆಡಲಿಲ್ಲವಂತೆ. ಆ ಮಗು ಈಗ ಐವತ್ತು ದಾಟಿದ ಗೃಹಸ್ಥ. ಪ್ರತಿ ವರ್ಷ ದೀಪಾವಳಿಗೆ ಒಂದು ಬಾಳೆಗೊನೆ ತಂದು ಜಗಲಿಯ ಮೇಲಿಟ್ಟು ಹೋಗುತ್ತಾರೆ.

ಈ ನೀರಿನಿಂದ ಹುಟ್ಟಿದ ವಿದ್ಯುತ್ತು ನಾಡಿನ ದೊಡ್ಡ ಭಾಗವನ್ನು ಬೆಳಗಿತು. ಶರಾವತಿ ವಿದ್ಯುದಾಗಾರದ ಶಕ್ತಿ 1035 ಮೆಗಾವ್ಯಾಟು. ಕರ್ನಾಟಕದ ಕಾರ್ಖಾನೆಗಳು ಬೆಳೆದದ್ದರಲ್ಲಿ ಅದರ ಪಾಲು ದೊಡ್ಡದು. ಅಜ್ಜ ಅದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದರು. ಅವರ ಮನೆಗೆ ಆ ಬೆಳಕು ಬರುವ ಹೊತ್ತಿಗೆ ಹದಿನೈದು ವರ್ಷ ಕಳೆದಿತ್ತು. ವಿದ್ಯುದ್ದೀಪ ಬಂದ ಮೇಲೂ ಅವರು ಲಾಟೀನು ತೂಗುಹಾಕುವುದನ್ನು ಬಿಡಲಿಲ್ಲ. "ಕರೆಂಟು ಹೋದರೆ?" ಎನ್ನುತ್ತಿದ್ದರು. 1984ರಲ್ಲಿ ಅಜ್ಜ ತೀರಿಕೊಂಡರು. ಹನ್ನೊಂದನೆಯ ದಿನ ಎರಡು ಲಾಂಚು ತುಂಬ ಜನ ಬಂದರು. ಅವರಲ್ಲಿ ನಮಗೆ ಗುರುತಿದ್ದವರು ಅರ್ಧದಷ್ಟೂ ಇರಲಿಲ್ಲ.

ನಮ್ಮ ತಂದೆಯವರು ಮಾಟುಂಗದ ಎರಡು ಕೋಣೆಯ ಮನೆಯಲ್ಲಿ ನಲವತ್ತು ವರ್ಷ ಸಂಸಾರ ನಡೆಸಿದರು. ಅಲ್ಲಿ ಜಗಲಿಯೆಲ್ಲಿಂದ ಬರಬೇಕು? ಆದರೂ ಬಾಗಿಲ ಹಿಂದೆ ಒಂದು ಚಾಪೆಯ ಸುರುಳಿ ಹೆಚ್ಚಿಗೆ ನಿಂತಿರುತ್ತಿತ್ತು. ಕೆಲಸ ಹುಡುಕಿ ಬಂದ ಎಷ್ಟು ಮಂದಿ ಹುಡುಗರು ಆ ಚಾಪೆಯ ಮೇಲೆ ಮಲಗಿ ಎದ್ದರೋ ಲೆಕ್ಕವಿಲ್ಲ. ಇದನ್ನು ಓದುವ ಹಿರಿಯರಲ್ಲಿಯೂ ಅಂಥ ಚಾಪೆ ಇಟ್ಟವರು, ಅಂಥ ಚಾಪೆಯ ಮೇಲೆ ಮಲಗಿದವರು ಖಂಡಿತ ಇದ್ದೀರಿ. ನಮ್ಮ ತಾಯಿಯವರೂ ಅನ್ನಕ್ಕಿಡುವಾಗ ಒಂದು ಹಿಡಿ ಹೆಚ್ಚಿಗೆ ಹಾಕಿ "ಲಾಂಚಿನ ಅಕ್ಕಿ" ಎನ್ನುತ್ತಿದ್ದರು. ಅರ್ಥ ತಿಳಿಯದ ನೆರೆಮನೆಯ ಮರಾಠಿ ಹೆಂಗಸರು ಅದೊಂದು ಅಕ್ಕಿಯ ಜಾತಿಯೆಂದು ನಂಬಿದ್ದರು.

ಇನ್ನು ಈಚಿನ ಮಾತು. ಸಾಗರದಿಂದ ಆವಿನಹಳ್ಳಿಯ ದಾರಿಯಾಗಿ ಹೊಳೆಬಾಗಿಲಿಗೆ ಬಂದಾಗ ನಾವು ಅಭ್ಯಾಸಬಲದಿಂದ ಲಾಂಚಿನ ಕಡೆಗೆ ನೋಡಿದೆವು. ಮೋಟಾರು ನಿಲ್ಲಲಿಲ್ಲ. ಸುಮಾರು 2.44 ಕಿಲೋಮೀಟರ್ ಉದ್ದದ ಸೇತುವೆ; ನಡುವೆ ಎತ್ತರದ ಕಂಬಗಳಿಂದ ಇಳಿಬಿಟ್ಟ ಕೇಬಲ್ಲುಗಳು. ಮೂರು ನಿಮಿಷದಲ್ಲಿ ಆಚೆ ದಡ! ನಾವು ಬಾಲ್ಯದಿಂದ ಅರ್ಧ ದಿನ ಕಾದು ದಾಟಿದ ನೀರು ಅದು. ಅಕ್ಕ ಕಣ್ಣೊರಸಿಕೊಂಡಳು. "ಅಜ್ಜ ಇದ್ದಿದ್ದರೆ ಕುಣಿದುಬಿಡುತ್ತಿದ್ದರು" ಎಂದಳು. ಬಸುರಿಯರನ್ನು ಜೋಲಿಯಲ್ಲಿ ಹೊತ್ತು ತಂದು ದಡದಲ್ಲಿ ಕಾಯುವ ಕಾಲ ಮುಗಿಯಿತೆಂಬುದು ಸಣ್ಣ ಮಾತಲ್ಲ.

ಆದರೆ ಯಾರೂ ಲಾಂಚು ತಪ್ಪಿಸಿಕೊಳ್ಳದ ಮೇಲೆ ಆ ಜಗಲಿ ಯಾತಕ್ಕೆ? ಪ್ರಶ್ನೆ ನಮ್ಮದಲ್ಲ, ಅಲ್ಲಿಯೇ ಇದ್ದು ತೋಟ ನೋಡಿಕೊಂಡಿರುವ ಚಿಕ್ಕಪ್ಪನ ಮಗನದು. ಅವನಿಗೂ ಅರುವತ್ತು ದಾಟಿತು, ಮಂಡಿನೋವು, ಕೊನೆ ಕೊಯ್ಯುವವರು ಸಿಗುವುದಿಲ್ಲ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಬರುವವರು ಹೆಚ್ಚಿದ್ದಾರೆ. ಪೇಟೆಯ ವ್ಯಾಪಾರಿಯೊಬ್ಬರು ಬಂದು, ಜಗಲಿಗೆ ಗೋಡೆ ಎಬ್ಬಿಸಿ ನಾಲ್ಕು ಕೋಣೆ ಮಾಡಿ ವಸತಿಗೃಹ ನಡೆಸುವುದಾಗಿಯೂ ತಿಂಗಳಿಗೆ ಇಷ್ಟು ಬಾಡಿಗೆ ಕೊಡುವುದಾಗಿಯೂ ಹೇಳಿದ್ದರು. ಕಾಗದದಲ್ಲಿ ನಮ್ಮ ತಂದೆಯವರ ಪಾಲೂ ಇದ್ದುದರಿಂದ ನಮ್ಮ ಸಹಿ ಬೇಕಾಗಿತ್ತು.

ಆ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತೆವು. ಮೂರನೆಯ ಮುಂಡಿಗೆಯ ಹಿಂಬದಿಯಲ್ಲಿ ಅಜ್ಜ ಸುಣ್ಣದಿಂದ ಬರೆದ ಅಂಕೆ ಮಸುಕಾಗಿ ಉಳಿದಿದೆ. ಅಣ್ಣ ಬಾಡಿಗೆಗೆ ಕೊಡುವುದೇ ಬೇಡವೆಂದ. ಅಜ್ಜನ ಜಗಲಿಗೆ ಗೋಡೆಯೇ ಎಂದ. ತಮ್ಮ ಬಹಳ ಮೆಲ್ಲಗೆ, "ಅಣ್ಣಾ, ಮಳೆಗಾಲದಲ್ಲಿ ಹೆಂಚು ತಿರುವಲು ನೀವು ಬರುತ್ತೀರಾ?" ಎಂದು ಕೇಳಿದ. ನಮ್ಮ ಹತ್ತಿರ ಉತ್ತರವಿರಲಿಲ್ಲ. ಏಳುನೂರು ಕಿಲೋಮೀಟರ್ ದೂರದಲ್ಲಿದ್ದುಕೊಂಡು ಮನೆ ಹಾಗೆಯೇ ಇರಲಿ ಎನ್ನುವುದು ಸುಲಭ. ಬಾಗಿದ ಪಕಾಸಿನ ಕೆಳಗೆ ಮಲಗುವವನಿಗೆ ಗೊತ್ತು ಅದರ ಭಾರ. ಮನೆ ಉಳಿಸಿ ಎಂಬ ನಮ್ಮ ಪುಣ್ಯಕ್ಕೆ ಪಾತ್ರೆ ತೊಳೆಯಬೇಕಾದವರು ಅವನೂ ಅವನ ಹೆಂಡತಿಯೂ ತಾನೆ?

ಕೊನೆಗೆ ಅಕ್ಕನೇ ಮಾತು ಮುಗಿಸಿದಳು. "ಅಜ್ಜ ಯಾರಿಗಾದರೂ ಏನಾದರೂ ಕೊಟ್ಟಾಗ, ಹೀಗೇ ಬಳಸು ಎಂದು ಕರಾರು ಹಾಕಿದ್ದುಂಟೇ?" ಎಂದಳು. ಮರುದಿನ ಸಾಗರಕ್ಕೆ ಹೋಗಿ, ನಮ್ಮ ಮೂವರ ಪಾಲಿನ ಹಕ್ಕು ಬಿಡುಗಡೆಯ ಪತ್ರವನ್ನು ಬರೆಸಿ ಸಹಿ ಹಾಕಿದೆವು. ಹಣವಿಲ್ಲ, ಷರತ್ತಿಲ್ಲ. ಕೋಣೆ ಮಾಡುವುದಾದರೆ ಮಾಡಲಿ, ಮಾರುವುದಾದರೆ ಮಾರಲಿ. ನಲವತ್ತು ವರ್ಷ ದುಡಿದವನು ಅವನು. ಹೊರಗೆ ಬಂದು ಹೋಟೆಲಿನಲ್ಲಿ ಚಹ ಕುಡಿಯುವಾಗ ತಮ್ಮ ತಲೆ ತಗ್ಗಿಸಿಕೊಂಡೇ ಇದ್ದ. ಸ್ವಲ್ಪ ಹೊತ್ತಿನ ಮೇಲೆ, "ಕೊಟ್ಟಿಗೆ ಖಾಲಿ ಬಿದ್ದಿದೆ. ಕೋಣೆಗಳನ್ನು ಅಲ್ಲಿ ಮಾಡಲು ಬರುತ್ತದೋ ಏನೋ, ಬಡಗಿಯನ್ನು ಕೇಳಿನೋಡುತ್ತೇನೆ" ಎಂದ. ನಾವು ಹೂಂ ಎಂದಿಲ್ಲ, ಊಹೂಂ ಎಂದಿಲ್ಲ. ಬಡಗಿ ಏನು ಹೇಳಿದನೆಂಬ ಸುದ್ದಿ ಇನ್ನೂ ಬಂದಿಲ್ಲ.

ಸಿಗಂದೂರಿಗೆ ಹೋಗುವ ಬಂಧುಗಳಿಗೆ ಒಂದು ವಿಜ್ಞಾಪನೆ. ಮೂರು ನಿಮಿಷದಲ್ಲಿ ದಾಟಿ ಹೋಗಿಬಿಡಬೇಡಿ. ಹೊಳೆಬಾಗಿಲಿನಲ್ಲಿ ಇಳಿದು, ಹಿಂದೆ ಜನ ಲಾಂಚಿಗೆ ಕಾಯುತ್ತಿದ್ದ ದಡದವರೆಗೆ ನಡೆಯಿರಿ. ಬೇಸಗೆಯಲ್ಲಿ ಹೋದರೆ ನೀರಿನಿಂದ ಮೇಲೆದ್ದ ಬೋಳು ಮರದ ಬುಡಗಳು ಕಾಣುತ್ತವೆ. ಅವುಗಳ ನಡುವೆ ಊರುಗಳಿದ್ದವು. ಆಚೆ ದಡದ ಹಳ್ಳಿಗಳಲ್ಲಿ ಯಾವ ಮನೆಯ ಜಗಲಿ ಹತ್ತಿದರೂ ಮೊದಲು ನೀರಿನ ಚೊಂಬು ಬರುತ್ತದೆ. "ಆಸರಿಗೆ ಏನು?" ಎಂದು ಕೇಳಿದರೆ ಸಂಕೋಚಪಡಬೇಡಿ, ಮಜ್ಜಿಗೆ ಎನ್ನಿ. ಅಲ್ಲಿಯ ಮಜ್ಜಿಗೆ ಬಹಳ ಚೆನ್ನಾಗಿರುತ್ತದೆ.